ಒಂದೇ ಸಲ ಕೇಳುತ್ತಿದ್ದ ಕಾಕು

ಕಾಕು ಬಲಗೈಗೆ ಬಳೆ ಇಡುತ್ತಿರಲಿಲ್ಲ. ಎಡಗೈ ತುಂಬ ಹಸಿರು ಬಳೆ, ಬಲಗೈ ಬೋಳು. ರೊಟ್ಟಿ ಬಡಿಯುವಾಗ ಅಡ್ಡ ಬರುತ್ತವೆ ಎಂಬುದು ಅವರ ತಕರಾರು. ಬಳೆ ಇರಬೇಕಾದ ಜಾಗದಲ್ಲಿ ಹಂಚಿನ ಅಂಚು ತಾಗಿ ತಾಗಿ ಒಂದು ಕಪ್ಪು ಗೆರೆ ಬಿದ್ದಿತ್ತು. ಓಣಿಯ ಹೆಂಗಸರು "ಮುತ್ತೈದಿ ಹೀಂಗ ಬರಿಗೈಲೆ ಇರಬಾರದವಾ" ಎಂದರೆ, ಆ ಗೆರೆ ತೋರಿಸಿ "ಹಂಗಾರ ಇದೇನು?" ಎಂದು ಮತ್ತೆ ರೊಟ್ಟಿಗೆ ತಿರುಗುತ್ತಿದ್ದರು.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯೊಂದರಲ್ಲಿ ಅವರ ಖಾನಾವಳಿ. ಬೋರ್ಡು ಇರಲಿಲ್ಲ. ಬಾಗಿಲ ಹೊರಗೆ ಇಪ್ಪತ್ತು ಜೊತೆ ಚಪ್ಪಲಿ ಬಿದ್ದಿದ್ದರೆ ಅದೇ ಬೋರ್ಡು. ಉಣ್ಣುವವರು ಹೆಚ್ಚಾಗಿ ಹಳ್ಳಿಯಿಂದ ಓದಲು ಬಂದವರು. ಸಂಬಂಧವೇನೂ ಇಲ್ಲದಿದ್ದರೂ ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ಅವರು ಸ್ವತಃ ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಹುಡುಗರನ್ನು ಕಾಲೇಜಿಗೆ ಹಾಕಲು ಬಂದ ಅಪ್ಪಂದಿರು ಪ್ರಿನ್ಸಿಪಾಲರಿಗಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದುದು ಇವರ ಹತ್ತಿರ. "ಮೊದಲಿನ ಹದಿನೈದ ದಿನಾ ನೀವು ನೋಡಾಕ ಬರಬ್ಯಾಡ್ರಿ, ಅಂವನ್ನೂ ಕರಸ್ಕೋಬ್ಯಾಡ್ರಿ. ಅಳತಾನ, ಅಳಲಿ" ಎಂದು ಹುಡುಗನ ಎದುರಿಗೇ ಹೇಳಿಬಿಡುತ್ತಿದ್ದರು. ಪರೀಕ್ಷೆಯ ದಿನ ಅರ್ಧ ತಾಸು ಮೊದಲೇ ಒಲೆ ಹೊತ್ತಿಸುತ್ತಿದ್ದರು, ಊಟ ಮಾತ್ರ ಅದೇ ರೊಟ್ಟಿ, ಅದೇ ಪಲ್ಯ. ಯಾರಾದರೂ ಇವತ್ತಾದರೂ ಸಿಹಿ ಮಾಡಬಾರದೇ ಎಂದರೆ, "ಪರೀಕ್ಷಿ ದಿನಾ ಹೊಸಾದು ತಿನಬಾರದು, ಹೊಸಾದು ಓದಬಾರದು" ಎಂಬ ಉತ್ತರ. ಹೊಟ್ಟೆಗೂ ತಲೆಗೂ ಅವರದು ಒಂದೇ ಔಷಧ.

ನಾನು ಹೊನವಾಡದಿಂದ ಬಿ.ಎಸ್ಸಿ.ಗೆ ಬಂದವನು. ನಮ್ಮ ಕಡೆ ಊಟಕ್ಕೆ ಕೂತಾಗ "ಸಾಕು" ಅಂದರೆ ಅದಕ್ಕೇನೂ ಬೆಲೆಯಿಲ್ಲ. ಉಣ್ಣುವವನು ಸಾಕು ಅನ್ನಲೇಬೇಕು, ನೀಡುವವರು ಕೇಳಿಸದವರ ಹಾಗೆ ಹಾಕಲೇಬೇಕು. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಹಾಕುವವರು ನಾವು. ಬಾಯಿ ಬಿಟ್ಟು ಬೇಡುವುದು ಹೊಟ್ಟೆಬಾಕರ ಲಕ್ಷಣ ಎಂದು ನಮ್ಮವ್ವ ಕಲಿಸಿದ್ದಳು.

ಮೊದಲ ದಿನ ಎರಡು ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಬಂತು. ಅದು ಮುಗಿಯುವಷ್ಟರಲ್ಲಿ ಕಾಕು ರೊಟ್ಟಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನ ಮುಂದೆ ನಿಂತರು.

"ರೊಟ್ಟಿ?"

"ಸಾಕ್ರೀ" ಎಂದೆ.

ಅವರು ಪಕ್ಕದವನ ಹತ್ತಿರ ಹೋದರು. ನಾನು ತಾಟಿನ ಮೇಲೆ ಕೈ ಆಡಿಸುತ್ತ ಕೂತೆ. ತಿರುಗಿ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಕೈ ತೊಳೆದು ಹೊರಗೆ ಬಂದು ಬಿಸ್ಕೀಟು ತಿಂದೆ. ಎಂಟು ದಿನ ಹೀಗೇ ನಡೆಯಿತು. ಕೊನೆಗೆ ನನ್ನ ಕೋಣೆಯಲ್ಲಿದ್ದ ಸಾರವಾಡದ ಹುಡುಗ, ನನಗಿಂತ ಎರಡು ವರ್ಷ ಮುಂದಿನವನು, ನನ್ನ ಬಿಸ್ಕೀಟು ಪುಡಿಕೆ ನೋಡಿ ಬಿದ್ದು ಬಿದ್ದು ನಕ್ಕ. "ಲೇ ಮಗನ, ಅದೇನು ನಿಮ್ಮ ಬೀಗರ ಮನೀನು? ಕಾಕು ಒಮ್ಮೆ ಕೇಳತಾಳ. ಬೇಕಂದ್ರ ಬೇಕನ್ನು." ಮರುದಿನ ಬೇಕು ಅಂದೆ. ಅನ್ನುವಾಗ ಕಿವಿ ಬಿಸಿಯಾಗಿತ್ತು. ಕಾಕು ಮುಖದಲ್ಲಿ ಏನನ್ನೂ ತೋರಿಸದೆ ರೊಟ್ಟಿ ಹಾಕಿ ಮುಂದೆ ಹೋದರು.

ಊಟದ ಪಾಠ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಕಾಲೇಜಿನಲ್ಲಿ ಬೇರೆಯೇ ನಡೆದಿತ್ತು. ಗಣಿತ ಪೂರ್ತಿ ಇಂಗ್ಲಿಷಿನಲ್ಲಿ. ಸರ್ ಬೋರ್ಡು ತುಂಬಿಸಿ ತಿರುಗಿ, ತಿಳಿಯಿತೇ ಎಂದು ಕೇಳುತ್ತಿದ್ದರು. ಅರವತ್ತು ಜನ ಒಟ್ಟಿಗೆ "ಎಸ್ ಸರ್" ಎನ್ನುತ್ತಿದ್ದರು. ಅದರಲ್ಲಿ ನನ್ನ ದನಿ ತುಸು ಜೋರಾಗಿಯೇ ಇರುತ್ತಿತ್ತು. ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಮೂರು ಬಂತು. ಪೇಪರು ಮಡಚಿ ಕಿಸೆಗೆ ಹಾಕಿದೆ, ಕೋಣೆಗೆ ಬಂದು ಅರಿವೆ ಚೀಲಕ್ಕೆ ತುಂಬಿದೆ. ನಮ್ಮ ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದವನು ನಾನೊಬ್ಬನೇ. ಈಗ ಹೋದರೆ ಮತ್ತೆ ಬರುವ ಮಾತಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸು ಹತ್ತುವ ಮೊದಲು ಕಾಕುಗೆ ಹೇಳಿ ಹೋಗಬೇಕು. ಇಲ್ಲದಿದ್ದರೆ ನನ್ನ ಪಾಲಿನ ರೊಟ್ಟಿ ಹಾಳು. ಅವರು ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು.

"ಕಾಕೂ, ನಾಳಿಂದ ನಂದು ಊಟ ಬ್ಯಾಡ್ರಿ. ಊರಿಗೆ ಹೊಂಟೇನಿ."

"ಎಷ್ಟ ದಿನಾ?"

"ಕಾಲೇಜ ಬಿಟ್ಟೇನ್ರಿ. ಏನೂ ತಿಳಿಯಂಗಿಲ್ಲ."

"ಮಾಸ್ತರು ಕೇಳಂಗಿಲ್ಲೇನು, ತಿಳೀತೋ ಇಲ್ಲೋ ಅಂತ?"

"ಕೇಳತಾರ್ರಿ."

"ನೀ ಏನಂತಿ?"

"ಹೂಂ ಅಂತೇನ್ರಿ."

ಕಾಕು ಮೆಂತ್ಯೆ ಕೆಳಗಿಟ್ಟರು. "ಯಪ್ಪಾ, ಬಂದ ದಿನಾ ಎರಡ ರೊಟ್ಟಿಗೆ ಸಾಕಂದಿ. ಹೊಟ್ಟಿ ತುಂಬಿತ್ತೇನು?"

"ಇಲ್ರಿ."

"ನಂಗೊತ್ತಿತ್ತು. ನಿನ್ನ ಕಣ್ಣೆಲ್ಲಾ ಬುಟ್ಟ್ಯಾಗ ಇದ್ದೂ."

ನನಗೆ ಸಿಟ್ಟು ಬಂತು. "ಗೊತ್ತಿದ್ರ ಯಾಕ ಹಾಕಲಿಲ್ರಿ ಮತ್ತ?"

"ಹಾಕತಿದ್ನೋ. ನಂದೇನು ಗಂಟ ಹೋಗತಿತ್ತು? ಮನ್ಯಾಗ ನಿಮ್ಮವ್ವ ಮುಖಾ ನೋಡಿ ನೀಡತಾಳ. ಇಲ್ಲಿ ನಾನೂ ಹಂಗ ನೀಡಿದೆ ಅನ್ನು. ಅಲ್ಲಿ ಅರವತ್ತ ಮಂದಿ ಮುಂದ ಒಬ್ಬ ಮಾಸ್ತರ, ಅಂವ ಯಾರ ಮುಖಾ ನೋಡಬೇಕು? ಇಷ್ಟ ದಿನಾ ಅಲ್ಲಿ ಉಪಾಸ ಕುಂತೀಯಲ್ಲೋ ಹುಚಪ್ಯಾಲಿ!"

ಎದ್ದು ಬಂದು ನನ್ನ ಹೆಗಲಿನ ಚೀಲ ಕಿತ್ತುಕೊಂಡರು. ಜೋಳದ ಚೀಲಗಳ ಒಟ್ಟಿನ ತುದಿಗೆ ಎಸೆದರು. "ನಾಳಿ ಒಂದ ದಿನಾ 'ತಿಳಿಲಿಲ್ರಿ' ಅಂದು ಬಾ. ಬಂದ ಮ್ಯಾಲೆ ಚೀಲಾ ಕೊಡತೇನಿ. ಆಮ್ಯಾಲೆ ಊರಿಗರೆ ಹೋಗು, ಎಲ್ಲಿಗರೆ ಹೋಗು."

ಮರುದಿನ ಸರ್ ಕೇಳಿದಾಗ ಎದ್ದು ನಿಂತೆ. "ತಿಳಿಲಿಲ್ರಿ ಸರ್." ಕ್ಲಾಸು ಗೊಳ್ಳೆಂದಿತು. ಎಲ್ಲಿಂದ ತಿಳಿಯಲಿಲ್ಲ ಎಂದು ಅವರು ಕೇಳಿದರು. "ಮೊದಲಿಂದರಿ" ಎಂದೆ. ಸರ್ ಡಸ್ಟರು ತಗೊಂಡು ಇಡೀ ಬೋರ್ಡು ಒರೆಸಿ, ಕನ್ನಡದಲ್ಲಿ ಶುರು ಮಾಡಿದರು. ನಕ್ಕವರೆಲ್ಲ ಪೆನ್ನು ತೆಗೆದು ಬರೆದುಕೊಂಡರು. ಅವರಿಗೂ ತಿಳಿದಿರಲಿಲ್ಲ ಅನ್ನುವುದು ನನಗೆ ಗೊತ್ತಾದದ್ದೇ ಆಗ.

ಖಾನಾವಳಿಯಿಂದ ಚೀಲ ಇಳಿಸಿಕೊಂಡು ಕೋಣೆಗೆ ಹೋದೆ, ಊರಿಗಲ್ಲ. ಅಂದಿನಿಂದ ನಾನೇನು ಭಾರೀ ಜಾಣನಾಗಲಿಲ್ಲ. ಆ ವರ್ಷ ಗಣಿತ ಪಾಸಾಯಿತು, ಕೆಮಿಸ್ಟ್ರಿ ಹೋಯಿತು. ಕಾಕುಗೆ ಹೇಳಿದರೆ, "ಅಲ್ಲಿ ಬಾಯಾಗ ಏನಿಟಗೊಂಡಿದ್ದಿ?" ಎಂದು ಕೇಳಿದರು. ಮುಂದೆ ಎಂ.ಎಸ್ಸಿ. ಆಯಿತು. ಈಗ ತಿಕೋಟಾದ ಕಾಲೇಜೊಂದರಲ್ಲಿ ಅದೇ ಗಣಿತ ಕಲಿಸುತ್ತೇನೆ.

ಗಂಡ ತೀರಿಕೊಂಡು, ಮೊಣಕಾಲು ಹಿಡಿದುಕೊಂಡ ಮೇಲೆ ಕಾಕು ಖಾನಾವಳಿ ಮುಚ್ಚಿ ಬಬಲೇಶ್ವರದ ಮಗಳ ಮನೆಗೆ ಹೋದರು. ವರ್ಷಕ್ಕೆ ಎರಡು ಮೂರು ಸಲ ನಾನು ಬೈಕಿನ ಮೇಲೆ ಹೋಗಿ ಬರುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಹೋದಾಗ ಸೊರಗಿದ್ದರು. ಬಲಗೈಯ ಕಪ್ಪು ಗೆರೆ ಸಡಿಲ ಚರ್ಮದ ಜೊತೆ ಕೆಳಗೆ ಜಾರಿದ ಹಾಗಿತ್ತು. ಮಗಳು ರೊಟ್ಟಿ ಹಾಕಿದಳು. ಮೂರನೆಯದನ್ನು ನಾನೇ ಬಾಯಿ ಬಿಟ್ಟು ಕೇಳಿದೆ. ಕಾಕು ಮಗಳಿಗೆ, "ನೋಡವಾ, ಇಂವಗ ಕೇಳಾಕ ಕಲಿಸಿದಾಕಿ ನಾ" ಎಂದು ಹೇಳಿ ನಕ್ಕರು.

ಹೊರಡುವಾಗ ಕೇಳಿದೆ. "ಕಾಕೂ, ಭಾಳ ಸೊರಗೀರಿ. ನಾಳಿ ವಿಜಯಪುರಕ್ಕ ದವಾಖಾನಿಗೆ ಹೋಗೂಣೇನು? ಕಾರ್ ತರತೇನಿ."

"ಏ, ಬ್ಯಾಡಪಾ. ಆರಾಮ ಅದೇನಿ."

ಬೇರೆ ಯಾರೇ ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಕಾಕು ಹೇಳಿದ್ದರಿಂದ ನಂಬಿದೆ. ಬೇಕಾದರೆ ಬೇಕು ಅನ್ನುವವರು, ಬೇಡವಾದರೆ ಬೇಡ ಅನ್ನುವವರು. ಒಂದೇ ಸಲ ಕೇಳಿ ಬೈಕು ಹತ್ತಿದೆ.

ಇಪ್ಪತ್ತು ದಿನಕ್ಕೆ ಮಗಳ ಫೋನು ಬಂತು, ಕಾಕು ತೀರಿಕೊಂಡರೆಂದು. ಮಣ್ಣಿಗೆ ಹೋದಾಗ ಆಕೆ ಹೇಳಿದಳು: "ಎರಡ ತಿಂಗಳಿಂದ ಹೊಟ್ಟಿ ಬ್ಯಾನಿ ಇತ್ತಂತ್ರಿ. ಕೇಳಿದವ್ರಿಗೆಲ್ಲಾ ಆರಾಮ ಅದೇನಿ ಅಂದ್ಲು. ನಮಗ ತ್ರಾಸ ಆಗತೈತಿ ಅಂತ." ಇಷ್ಟೆಲ್ಲ ಕಲಿಸಿದ ಹೆಂಗಸು ಕೊನೆಗೆ ಹೊನವಾಡದ ಹುಡುಗನ ಹಾಗೆಯೇ ಸಾಕ್ರೀ ಅಂದುಬಿಟ್ಟರಲ್ಲ ಎಂದು ಸಿಟ್ಟು ಬಂತು. ಅವರ ಮುಖ ನೋಡಿಯೂ ನಾನು ಮಾತನ್ನಷ್ಟೇ ಕೇಳಿ ಬಂದೆನಲ್ಲ ಎಂಬ ಸಂಕಟ ಆ ಸಿಟ್ಟಿಗಿಂತ ದೊಡ್ಡದು. ಅದು ಇನ್ನೂ ಹೋಗಿಲ್ಲ.

ಈಗ ಬೋರ್ಡು ತುಂಬಿದ ಮೇಲೆ ನಾನೂ ಕೇಳುತ್ತೇನೆ, "ತಿಳೀತೇನ್ರಪಾ?" ಎಲ್ಲರೂ ಒಟ್ಟಿಗೆ "ಹೂಂ ರೀ ಸರ್" ಎನ್ನುತ್ತಾರೆ. ಮೊದಲಾಗಿದ್ದರೆ ಮುಂದೆ ಹೋಗುತ್ತಿದ್ದೆ. ಈಗ ಸೀಮೆಸುಣ್ಣ ಇಟ್ಟು ಒಂದೊಂದೇ ಮುಖ ನೋಡುತ್ತ ಎರಡನೆಯ ಸಲ ಕೇಳುತ್ತೇನೆ. ಮೊನ್ನೆ ಮೂರನೆಯ ಸಲವೂ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ತಲೆ ತಗ್ಗಿಸಿ ನಿಂತಳು.

"ಎಲ್ಲಿಂದ ತಿಳಿಲಿಲ್ಲವಾ?"

"ಮೊದಲಿಂದರಿ ಸರ್."

ಡಸ್ಟರು ತಗೊಂಡು ಇಡೀ ಬೋರ್ಡು ಒರೆಸಿದೆ.