ಹೊಸ ಡಿಸ್ಕ್ ಮತ್ತು ಅಪ್ಪನ ಅಂಚುಗಳು

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಏನು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಸ್ವಲ್ಪ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ. ಸಿಂಗಾನಲ್ಲೂರಿನ ನಮ್ಮ ಮನೆಯಲ್ಲಿ ಆ ಜಂಬಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ.

ಅಪ್ಪ ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ತುಂಬಿ ನೇಕಾರರಿಗೆ ಕೊಡುತ್ತಿದ್ದವರು. ಗೆದ್ದಲು ಹಿಡಿಯುವ ಮೊದಲು ಅವನ್ನೆಲ್ಲ ನಾನು ಸ್ಕ್ಯಾನ್ ಮಾಡಿ, ಬಾಡಿಗೆಗೆ ಹಿಡಿದ ಕ್ಲೌಡ್ ಸರ್ವರಿನಲ್ಲಿಟ್ಟೆ. "ಇನ್ನು ಇದಕ್ಕೆ ಸಾವಿಲ್ಲ ಅಪ್ಪ" ಅಂದೆ. ಅಪ್ಪ ಅದನ್ನು ಎಷ್ಟು ನಂಬಿದರೆಂದರೆ, ಮಾರನೆಯ ವಾರವೇ ಅಷ್ಟೂ ಕಾಗದವನ್ನು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿಬಿಟ್ಟರು. ಗೊತ್ತಿಲ್ಲದೆ ನಾನೂ ಆ ನೀರಲ್ಲೇ ಮಿಂದೆ.

ನೆಂಟರಿಷ್ಟರೂ ತಮ್ಮ ಹಳೆಯ ಡಿಸೈನುಗಳನ್ನು ತಂದುಕೊಟ್ಟು ಸರ್ವರ್ ತುಂಬಿಹೋಯಿತು. ಒಂದು ಭಾನುವಾರ ಹೊಸ ಡಿಸ್ಕ್ ಸೇರಿಸಲು ಕೂತೆ.

"ಬಾಡಿಗೆ ಮನೇಲಿ ಅಟ್ಟ ಕಟ್ಟಿಸ್ತಾರಾ ಅಮ್ಮಣಿ?" ಅಂತ ಅಪ್ಪ ಕೆಣಕಿದರು. ಆಮೇಲೆ ರಾಹುಕಾಲ ಕಳೀಲಿ ಅಂತ ಆರು ಗಂಟೆವರೆಗೆ ಸುಮ್ಮನೆ ಕೂರಿಸಿದರು.

ಆರಕ್ಕೆ ಬಟನ್ ಒತ್ತಿದೆ, ಸರ್ವರಿಗೆ ಹೊಸ ಡಿಸ್ಕ್ ಬಂತು. ಫಾರ್ಮ್ಯಾಟ್ ಮಾಡಿ, ಡಿಸೈನುಗಳಿದ್ದ ಫೋಲ್ಡರಿಗೇ ಜೋಡಿಸಿ, ಅಪ್ಪನಿಗೆ ತೋರಿಸೋಣವೆಂದು ಗತ್ತಿನಿಂದ ತೆರೆದೆ. ಫೋಲ್ಡರ್ ಖಾಲಿ.

"ಎಲ್ಲಿ?" ಅಂದರು ಅಪ್ಪ.

"ಬರ್ತವೆ."

ಹತ್ತು ಸಲ ಮುಚ್ಚಿ ತೆರೆದೆ. ಒಂದೂ ಬರಲಿಲ್ಲ. ಅವಸರದಲ್ಲಿ ಹೊಸದರ ಬದಲು ಹಳೆಯ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ಅಳಿಸಿಬಿಟ್ಟೆನಾ ಅಂತ ಹೆದರಿದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಆಫೀಸಿನವರಿಗೆಲ್ಲ ಬೈಯುವವಳು ನಾನು. ಮನೆಯದಕ್ಕೆ ಇಟ್ಟಿರಲಿಲ್ಲ.

ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು. "ಹಳೇದು ಎಲ್ಲಿತ್ತು?"

"ಇದೇ ಫೋಲ್ಡರಲ್ಲಿ."

"ಹೊಸದನ್ನ ಎಲ್ಲಿ ಜೋಡಿಸ್ದೆ?"

"ಇಲ್ಲೇ."

"ಮಗ್ಗದಲ್ಲಿ ಹಾಸಿನ ನೂಲು ಮುಗೀತಾ ಬಂದ್ರೆ ಹೊಸ ನೂಲನ್ನ ಹಳೇದರ ತುದಿಗೆ ಗಂಟು ಹಾಕೋದು. ಹಳೇದರ ಮೇಲೇ ಹಾಸಿದ್ರೆ ಹಳೇದು ಹೆಂಗೆ ಕಾಣುತ್ತೆ? ತೆಗಿ ಅದನ್ನ."

ತೆಗೆದೆ. ಅಷ್ಟೂ ಡಿಸೈನುಗಳು ಇದ್ದಲ್ಲೇ ಇದ್ದವು. ಹೊಸ ಡಿಸ್ಕ್ ಅವುಗಳ ಮೇಲೆ ಕೂತು ಮರೆಮಾಡಿತ್ತು, ಅಷ್ಟೇ. ಅದಕ್ಕೆ ಬೇರೆ ಫೋಲ್ಡರ್ ಕೊಟ್ಟೆ. ಸಮಾಧಾನಕ್ಕೆ ಅಳು ಬಂತು.

"ಇಷ್ಟಕ್ಕಾ ನಿನ್ನ ಇಂಜಿನಿಯರಿಂಗ್ ಓದಿಸಿದ್ದು," ಎಂದು ನಗುತ್ತಾ ಊಟಕ್ಕೆ ಎದ್ದರು.

ಮಾರನೆಯ ಬೆಳಿಗ್ಗೆ ನೋಡಿದರೆ ಅಪ್ಪ ಅಂಗಡಿಯಿಂದ ಗ್ರಾಫ್ ಪುಸ್ತಕ ತಂದು ಕೂತಿದ್ದಾರೆ. ಮೊದಲನೆಯ ಅಂಚನ್ನು ತೆರೆದಿಡು ಎಂದರು. ಅದನ್ನು ನೋಡಿಕೊಂಡು ಒಂದೊಂದೇ ಚೌಕ ತುಂಬತೊಡಗಿದರು.

"ನನ್ನ ಮೇಲೆ ನಂಬಿಕೆ ಹೋಯ್ತಾ ಅಪ್ಪ?"

"ಚೇ, ಹಂಗೇನಿಲ್ಲ. ಹೊತ್ತು ಹೋಗ್ಬೇಕಲ್ಲ ಅಮ್ಮಣಿ," ಎಂದರು, ತಲೆ ಎತ್ತದೆ. ಸುಳ್ಳು ಹೇಳುವಾಗ ಅಪ್ಪ ಯಾರ ಮುಖವನ್ನೂ ನೋಡುವುದಿಲ್ಲ. ವಯಸ್ಸಾದ ಕೈ, ಪೆನ್ಸಿಲ್ ಚೌಕದ ಗೆರೆ ದಾಟುತ್ತಿತ್ತು. ನನಗೆ ನಾಚಿಕೆಯಾಯಿತು. ಆಫೀಸಿಗೆ ರಜೆ ಹೇಳಿ, ರಬ್ಬರ್ ಹಿಡಿದು ಪಕ್ಕದಲ್ಲಿ ಕೂತೆ.