ಹುಂಜ ಕೆಳಗೆ, ಏಡಿ ಮೇಲೆ

ನಮ್ಮೂರು ಹಿಮೆರಾದಲ್ಲಿ ಮೊದಲ ಕೋಳಿ ಕೂಗುವ ಹೊತ್ತಿಗೆ ಸೋಸಿಸ್ ಟಂಕಸಾಲೆಯ ಬಾಗಿಲಲ್ಲಿ ಕೂತಾಗಿದೆ. ಬಾಯಲ್ಲಿ ದ್ರಾಕ್ಷಾರಸದಲ್ಲಿ ಅದ್ದಿದ ರೊಟ್ಟಿ, ತೊಡೆಯ ಮೇಲೆ ನಾಣ್ಯ ಒತ್ತುವ ಕಂಚಿನ ಅಚ್ಚು. ಎಳೆಬಿಸಿಲು ಓರೆಯಾಗಿ ಬೀಳುವಾಗಲೇ ಹುಂಜದ ಗರಿ ಕೆತ್ತಬೇಕು, ಅದೂ ಗುಳಿಯಾಗಿ, ತಿರುಗುಮುರುಗಾಗಿ. ನಾಣ್ಯದಲ್ಲಿ ಹುಂಜ ಎಡಕ್ಕೆ ನೋಡಬೇಕಾದರೆ ಅಚ್ಚಿನಲ್ಲಿ ಬಲಕ್ಕೆ ನೋಡಬೇಕು.

ನಾಣ್ಯದ ಗುರುತಾಗಿ ಅಥೆನ್ಸಿಗೆ ಗೂಬೆ, ಐಗಿನಾಕ್ಕೆ ಆಮೆ, ಬೆಳಗನ್ನು ಎಲ್ಲರಿಗಿಂತ ಮೊದಲು ಸಾರುವ ನಮಗೆ ಹುಂಜ. ಮೂವತ್ತೊಂದು ವರ್ಷದಿಂದ ನಮ್ಮ ಬೆಳ್ಳಿಯ ಒಂದು ಬದಿಗೆ ಈ ಹುಂಜ, ಇನ್ನೊಂದು ಬದಿಗೆ ಹೇಂಟೆ. ಎರಡೂ ಈ ಸೋಸಿಸ್ ಅವರ ಕೈಯವೇ. ದಿನಾ ಮೀನಿನ ಅಂಗಡಿಯಲ್ಲಿ ಆ ನಾಣ್ಯ ಎಣಿಸುವ ನಮಗೆ ಇವರ ಹೆಸರೂ ಗೊತ್ತಿಲ್ಲ. ನಾಚಿಕೆಗೇಡು.

ಹೋದ ವರ್ಷ ದಕ್ಷಿಣ ಕರಾವಳಿಯ ದೊಡ್ಡ ಪಟ್ಟಣದವರು ನಮ್ಮೂರು ಹಿಡಿದರು. ಅವರ ಗುರುತು ಏಡಿ. ಅವರ ಮೇಲ್ವಿಚಾರಕ ದೈನೋನ್ ಬಂದವನೇ ಹುಂಜ ಅಳಿಸಲು ಹೇಳಿದ. ಸೋಸಿಸ್ ಉಳಿ ಕೆಳಗಿಟ್ಟರು.

"ಏಡಿ ಬೇಕಾದ್ರೆ ಕೆತ್ತುತೀನಿ. ಹುಂಜ ಅಳಿಸೋ ಕೈ ನಂದಲ್ಲ."

ಆ ಕೈಯನ್ನೇ ಕಡಿಸುತ್ತೇನೆಂದು ದೈನೋನ್ ಅರಚಾಡಿದ. ಒಂಬತ್ತು ದಿನ ಕೂಡಿಹಾಕಿದ. ಈ ಕೆಲಸ ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ, ಹಾಗಾಗಿ ಕೊನೆಗೆ ಅವನೇ ಇಳಿದು ಬಂದ.

"ಹುಂಜ ಇರಲಿ, ಹೇಂಟೆ ಹೋಗ್ಲಿ. ಆದ್ರೆ ನಮ್ಮ ಏಡಿ ಮೇಲಿರಬೇಕು, ನಿಮ್ಮ ಕೋಳಿ ಕೆಳಗೆ. ತಿಳೀತೇನೋ ಮುದುಕ?"

"ಆಗಲಿ ಸ್ವಾಮಿ. ಮೇಲೇ ಕೂರಿಸ್ತೀನಿ."

ಇಷ್ಟು ಸಲೀಸಾಗಿ ತಲೆಬಾಗಿದರಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಅವರ ಹೆಂಡತಿ ಮಿರ್ತಿಸ್ ನಕ್ಕುಬಿಟ್ಟರು. "ಒಳಗೆ ಹೋಗಿ ಒಂದು ಸಲ ನೋಡಪ್ಪ. ಆಮೇಲೆ ಸಿಟ್ಟು ಮಾಡ್ಕೊ."

ಹೋಗಿ ನೋಡಿದೆ. ಕೆಳಗೆ ಹುಂಜದ ಅಚ್ಚು ಅಡಿಗಲ್ಲಿನಲ್ಲಿ ಹುದುಗಿ ಭದ್ರವಾಗಿ ಕೂತಿದೆ. ಅದರ ಮೇಲೆ ಕಾಸಿದ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಏಡಿಯ ಅಚ್ಚು. ಸುತ್ತಿಗೆ ಬೀಳುವುದು ಆ ಮೇಲಿನದರ ನೆತ್ತಿಗೆ, ದಿನಕ್ಕೆ ಎಂಟುನೂರು ಏಟು. ಒಂದು ಹುಂಜ ಸವೆಯುವಷ್ಟರಲ್ಲಿ ನಾಲ್ಕು ಏಡಿ ಸೀಳಿಹೋಗುತ್ತವೆ.

"ಇಷ್ಟು ವರ್ಷ ಆ ಏಟೆಲ್ಲ ಹೇಂಟೆ ತಿಂದ್ಲು, ಪಾಪ," ಎನ್ನುತ್ತಾರೆ ಮಿರ್ತಿಸ್. "ಈಗ ಸ್ವಲ್ಪ ಸುಧಾರಿಸ್ಕೊಳ್ಲಿ."

ಇದನ್ನು ಬರೆದರೆ ದೈನೋನ್‌ಗೆ ತಿಳಿದುಬಿಡುವುದಿಲ್ಲವೇ ಎಂದು ಸೋಸಿಸ್ ಅವರನ್ನು ಕೇಳುತ್ತೇನೆ.

"ಬರಿಯಪ್ಪ, ಧಾರಾಳವಾಗಿ ಬರಿ. ಏಡೀನ ಕೋಳಿ ಕೆಳಗೆ ಇಡು ಅಂತ ಅವನ ಬಾಯಲ್ಲೇ ಬರಲಿ, ನಾನೂ ಕೇಳ್ತೀನಿ."

ಸೀಳಿದ ಏಡಿಯೊಂದನ್ನು ಬುಟ್ಟಿಗೆ ಎಸೆದು ಅವರು ಹೊಸದಕ್ಕೆ ಉಳಿ ಹಿಡಿಯುತ್ತಾರೆ. ಕೊಂಡಿಗಳು, ಕಾಲುಗಳು, ಒಂದೂ ತಪ್ಪದಂತೆ ಮೂಡುತ್ತವೆ.

"ಏಡಿ ಚೆನ್ನಾಗೇ ಕೆತ್ತುತೀನಿ, ಅದರಲ್ಲಿ ಮೋಸ ಇಲ್ಲ. ನನ್ನ ಆಸೆ ಒಂದೇ. ಸುತ್ತಿಗೆ ಬೀಸೋವಾಗ ನಮ್ಮ ಹುಡುಗರು ಏಟಿಗೆ ಜಿಪುಣತನ ಮಾಡಬಾರದು."