ವೆಲ್ಡರನ ಎರಡು ಸಾಲು

ಪದ್ಯದಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅವಳು ಓದಿದ್ದು ಅಷ್ಟಕ್ಕಷ್ಟೇ, ಬರೆದಿಟ್ಟದ್ದು ಒಂದೂ ಇಲ್ಲ. ಆದರೆ ನಿಂತಲ್ಲಿ ನಿಂತಂತೆ ಎರಡು ಸಾಲು ಕಟ್ಟಿಬಿಡುತ್ತಿದ್ದಳು. ಕಟ್ಟಿಕೊಂಡ ಗಂಡನನ್ನೂ ಬಿಟ್ಟಿರಲಿಲ್ಲ:

"ಗೇಟು ಬೆಸೆಯೋ ಗಂಡ, ಎರಡು ಮಾತು ಬೆಸೆಯಲಾರ,
ಬಾಯಿಗೆ ಹಾಕಿದ ಬೀಗದ ಕೈ ಯಾರಿಗೂ ಕೊಡಲಾರ."

ಗಂಡ ವೆಲ್ಡರ್. ಮನೆಯ ಮುಂಭಾಗದಲ್ಲೇ ಅಂಗಡಿ. ಆ ಪದ್ಯ ಕೇಳಿ ಮಗಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರೆ, ಅವನು ವೆಲ್ಡಿಂಗ್ ಮುಖವಾಡವನ್ನು ಮುಖದ ಮೇಲೆ ಇಳಿಸಿಕೊಂಡು ಒಳಗೊಳಗೇ ನಗುತ್ತಿದ್ದ.

ಒಬ್ಬಳೇ ಮಗಳು. ಇಪ್ಪತ್ತು ತುಂಬಿರಲಿಲ್ಲ. ಜ್ವರವೆಂದು ಮಲಗಿದವಳು ಆಸ್ಪತ್ರೆ ಸೇರಿದಳು, ಮತ್ತೆ ಮನೆಗೆ ಬಂದದ್ದು ನಾಲ್ಕು ಜನರ ಹೆಗಲ ಮೇಲೆ.

ಅಂದಿನಿಂದ ಪದ್ಯದಕ್ಕನ ಬಾಯಿ ಕಟ್ಟಿತು. ಅಳಲಿಲ್ಲ ಕೂಡ. ಮಗಳ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ತುತ್ತು ಬಾಯಿಗಿಟ್ಟರೆ ಅದು ಅಲ್ಲೇ ಉಳಿಯುತ್ತಿತ್ತು. ಬಂದು ನೋಡಿದ ಡಾಕ್ಟರು, "ಹೀಗೇ ಬಿಟ್ಟರೆ ಕಷ್ಟ. ಬದುಕಬೇಕು ಅಂತ ಅವರಿಗೇ ಅನ್ನಿಸಬೇಕು," ಎಂದು ಹೋದರು.

ವೆಲ್ಡರನ ತಾಯಿ ಅಂಗಡಿಗೆ ಬಂದು ನಿಂತಳು. "ಮೊಮ್ಮಗಳನ್ನ ಕಳಕೊಂಡೆ. ಈಗ ಸೊಸೆನೂ ಕಣ್ಮುಂದೆ ಕರಗ್ತಿದಾಳೆ. ಏನಾದ್ರೂ ಮಾತಾಡಿಸೋ ಮಗನೇ."

"ನನಗೆ ಮಾತು ಎಲ್ಲಿ ಬರುತ್ತಮ್ಮ?"

"ಬರ್ದೇ ಇದ್ರೆ ಕಲಿ. ಹೆಂಡತಿ ಹೋದ್ಮೇಲೆ ಕಲಿತು ಯಾರಿಗೆ ಹೇಳ್ತೀಯ?"

ಆ ಮಾತು ಅವನ ಮನಸ್ಸಿಗೆ ನಾಟಿತು. ವೆಲ್ಡಿಂಗ್ ರಾಡು ಹಿಡಿದು ಕಬ್ಬಿಣ ಬೆಸೆಯುತ್ತಲೇ ಪದಗಳನ್ನು ತಡಕಾಡಿದ. ಒಂದು ಸಿಕ್ಕರೆ ಇನ್ನೊಂದು ಜಾರುತ್ತಿತ್ತು. ಮಧ್ಯಾಹ್ನ ಮಸಿ ಕೈಯಲ್ಲೇ ಒಳಗೆ ಹೋಗಿ ಮಂಚದ ತುದಿಗೆ ಕುಳಿತ. ತಪ್ಪು ಒಪ್ಪಿಕೊಳ್ಳುವ ಶಾಲೆಯ ಹುಡುಗನಂತೆ ನೆಲ ನೋಡುತ್ತ ಹೇಳಿದ:

"ಬಾಗಿಲು ಮಾಡ್ದೆ ಊರಿಗೆಲ್ಲ ಗಟ್ಟಿ ಕಬ್ಬಿಣದಲ್ಲಿ,
ನನ್ನ ಮಗಳು ಹೋದಳು, ಬಾಗಿಲು ತೆರೆದೇ ಇತ್ತು ಅಲ್ಲಿ."

ಎದ್ದು ಹೋಗೋಣವೆನ್ನುವಷ್ಟರಲ್ಲಿ ಗೋಡೆ ಕಡೆಯಿಂದ ಒಣಗಿದ ದನಿಯೊಂದು ಬಂತು.

"ಅಲ್ಲಿ ಅಂದ್ರೆ ಎಲ್ಲಿ?"

ಅವನು ತಟ್ಟನೆ ತಲೆಯೆತ್ತಿದ. "ಪ್ರಾಸಕ್ಕೆ ಹಾಕ್ದೆ ಕಣೇ."

"ಇಲ್ಲಿಂದ್ಲೇ ಹೋದ್ಲು. 'ಇಲ್ಲಿ' ಅನ್ರಿ."

"ಬಾಗಿಲು ತೆರೆದೇ ಇತ್ತು ಇಲ್ಲಿ," ಎಂದ. ಅವಳು ಈ ಕಡೆ ಹೊರಳಿ, ಅವನ ಮಸಿ ಕೈಯನ್ನು ಮುಖಕ್ಕೊತ್ತಿಕೊಂಡು ಅತ್ತಳು. ಅತ್ತೆ ತಂದ ಹಾಲಿನಲ್ಲಿ ಅರ್ಧ ಲೋಟ ಕುಡಿದಳು.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಮರುದಿನ ಮತ್ತೆ ಗೋಡೆ, ಮತ್ತೆ ಮೌನ. ಅವನು ಇನ್ನೆರಡು ಸಾಲು ಹೊಸೆದು ತಂದ. ಅವಳು ಒಂದು ಪದ ತಿದ್ದಿದಳು, ನಾಲ್ಕು ತುತ್ತು ಉಂಡಳು. ಹೀಗೇ ನಡೆಯಿತು. ಸಾಲು ಹುಟ್ಟದಿದ್ದರೆ ಹೆಂಡತಿ ಉಳಿಯುವುದಿಲ್ಲ ಎಂಬ ಭಯ ಅವನನ್ನು ಹಿಡಿಯಿತು. ಊಟ ಮಾಡುವಾಗಲೂ ಪದ, ಸ್ನಾನ ಮಾಡುವಾಗಲೂ ಪದ. ತನ್ನ ಮಗಳಿಗಾಗಿ ಕುಳಿತು ಅಳಲಿಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ. ಬತ್ತಿದ ಬಾವಿಗೆ ಕೊಡ ಇಳಿಸಿದಂತೆ, ದಿನದಿಂದ ದಿನಕ್ಕೆ ಬರಿ ಕೆಸರು ಬರತೊಡಗಿತು.

ಕೊನೆಗೊಂದು ದಿನ ಅದೂ ಬರಲಿಲ್ಲ. ಬರಿಗೈಯಲ್ಲಿ ಬಂದು ಮಂಚದ ಪಕ್ಕ ನೆಲಕ್ಕೆ ಕುಸಿದ. "ಇವತ್ತು ಏನೂ ಹುಟ್ಟಲಿಲ್ಲ ಕಣೇ. ತಲೆಯೆಲ್ಲ ಖಾಲಿ. ನಾಳೆನೂ ಹುಟ್ಟುತ್ತೋ ಇಲ್ವೋ. ನೀನೂ ಹೋದ್ರೆ ನಾನೇನು ಮಾಡ್ಲಿ?"

ಅವಳು ಅವನನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ನಿಜವಾಗಿ ನೋಡಿದಳು. ಕೆನ್ನೆ ಇಳಿದಿತ್ತು, ಅಂಗಿ ಜೋತುಬಿದ್ದಿತ್ತು.

"ನೀವು ಉಂಡ್ರಾ?"

ಅವನು ಇಲ್ಲವೆಂದು ತಲೆಯಲ್ಲಾಡಿಸಿದ. ಅವಳು ಗೋಡೆ ಹಿಡಿದು ಎದ್ದು ಕೂತಳು. ತಡೆದು ತಡೆದು, ಒಂದೊಂದೇ ಪದ ಜೋಡಿಸಿ ಹೇಳಿದಳು:

"ಬಿಟ್ಟು ಹೋದ ಭಾರ, ಒಬ್ಬರಿಗೇ ಹೊರೆಯಾದೀತು,
ಒಂದು ಬದಿ ನೀ ಹಿಡಿ, ಇನ್ನೊಂದು ನನ್ನ ಕೈಲಾದೀತು."

ಆಮೇಲೆ, "ಅತ್ತೆ, ಇವರಿಗೂ ತಟ್ಟೆ ಹಾಕಿ," ಎಂದಳು.

ಅಂದು ಇಬ್ಬರೂ ಉಂಡರು. ಹೆಚ್ಚೇನಲ್ಲ, ಗಂಟಲಲ್ಲಿ ಇಳಿದಷ್ಟು. ಅವಳು ಉಳಿದಳು. ಬೀದಿಯವರನ್ನು ನಗಿಸುವ ಪದ್ಯ ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ.

ಅಂದು ಉಂಡ ಮೇಲೆ ವೆಲ್ಡರ್ ಕೈ ತೊಳೆದು ಅಂಗಡಿಗೆ ಹೋದ, ಮುಖವಾಡ ಇಳಿಸಿಕೊಂಡು ಸ್ಟೂಲಿನ ಮೇಲೆ ಕೂತ. ಕಿಟಕಿ ಸರಳು ಕೇಳಲು ಬಂದ ಗಿರಾಕಿ ಹೊರಗಿನಿಂದ ಎರಡು ಸಲ ಕರೆದ.

"ಕೆಲಸದಲ್ಲಿದೀನಿ, ನಾಳೆ ಬನ್ನಿ," ಎಂದ ಅತ್ತು ಒದ್ದೆಯಾದ ದನಿಯಲ್ಲಿ, ಮುಖವಾಡ ಎತ್ತದೆ. ಯಂತ್ರವನ್ನು ಅವನು ಹಚ್ಚಿರಲೇ ಇಲ್ಲ.